ಟಿಪ್ಪರ್‌ಗೆ ಥಂಡಿ ಜ್ವರ

ನಾನೂ ನನ್ನ ತಮ್ಮನೂ ಪಾಲಿನಲ್ಲಿ ಒಂದು ಹಳೆಯ ಟಿಪ್ಪರ್ ತಗೊಂಡೆವು. ದುಡ್ಡು ನನ್ನದು, ಲೈಸೆನ್ಸ್ ಅವನದು. ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ. ಟಿಪ್ಪರ್ ಬಂದ ದಿನ ಕ್ಲೀನರ್ ಹುಡುಗ ನನ್ನನ್ನು ‘ಸಾವ್ಕಾರ್ರ’ ಅಂದುಬಿಟ್ಟ. ಆ ಒಂದು ಶಬ್ದಕ್ಕೆ ಈವರೆಗೆ ಎಷ್ಟು ದುಡ್ಡು ತೆತ್ತಿದ್ದೇನೆ ಅಂತ ಮನೆಯಾಕೆಗೆ ಇನ್ನೂ ಪೂರ್ತಿ ಹೇಳಿಲ್ಲ.

ಗದಗ ಕಡೆಯ ಕಲ್ಲುಗಣಿಯಿಂದ ಹುಬ್ಬಳ್ಳಿಗೆ ಖಡಿ ಹೇರುವುದು ಟಿಪ್ಪರಿನ ಕೆಲಸ. ಗಣಿಯ ಕಚ್ಚಾ ರಸ್ತೆಯಲ್ಲಿ ಅದು ಆನೆಯ ಹಾಗೆ ಗಂಭೀರವಾಗಿ ಹೋಗುತ್ತಿತ್ತು. ಡಾಂಬರು ಕಂಡು, ಮುಳ್ಳು 50 ದಾಟಿತೋ, ಶುರು. ಮೊದಲು ಸ್ಟೇರಿಂಗ್ ಸಣ್ಣಗೆ ನಡುಗುವುದು. ಆಮೇಲೆ ನೀರಿನ ಬಾಟಲಿ, ಬಾಗಿಲು, ದೇವರ ಫೋಟೋ. 60ಕ್ಕೆ ಬಂದರೆ ಮುಂದೆ ಕಟ್ಟಿದ್ದ ಲಿಂಬೆಹಣ್ಣು ಮೆಣಸಿನಕಾಯಿ ಕೂಡ ಕುಣಿಯುತ್ತಿದ್ದವು. ಅಣ್ಣಿಗೇರಿ ಹತ್ತಿರ ಒಮ್ಮೆ ಗಾಡಿ ಬದಿಗೆ ನಿಲ್ಲಿಸಿ ತಮ್ಮ ಫೋನ್ ಮಾಡಿದ. “ಅಣ್ಣಾ, ಗಾಡಿ ಥಂಡಿ ಜ್ವರ ಬಂದವರ ಗತೆ ನಡುಗಾಕತ್ತೈತಿ.” ಪಂಪ ಹುಟ್ಟಿದ್ದು ಅಲ್ಲೇ ಅಂತ ಹೇಳುತ್ತಾರೆ. ಆ ಊರಿನಲ್ಲಿ ನಿಂತು ನನ್ನ ತಮ್ಮ ಗಾಡಿ ಮಾರಿದವನ ಬಗ್ಗೆ ಆಡಿದ ಕನ್ನಡವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಜ್ವರ ಅಂದ ಮೇಲೆ ಡಾಕ್ಟರುಗಳಿಗೇನು ಬರ? ಒಬ್ಬ ಕಿಂಗ್‌ಪಿನ್ ಅಂದ, ಬದಲಾಯಿಸಿದೆವು. ಇನ್ನೊಬ್ಬ ಬೇರಿಂಗ್ ಅಂದ, ಅದೂ ಆಯ್ತು. ಮತ್ತೊಬ್ಬ ಅಲೈನ್‌ಮೆಂಟ್ ಮಾಡಿಸಿದ. ಅವ್ವ ಮಾತ್ರ ದೃಷ್ಟಿ ಅಂದಳು. ಗಾಲಿಗೆ ಕಾಯಿ ಒಡೆದೆವು. ನಾಲ್ಕಕ್ಕೂ ಗುಣ ಒಂದೇ, ನಡುಗುವುದು ನಿಲ್ಲಲಿಲ್ಲ. ಖರ್ಚು ಕಡಿಮೆ ಆದದ್ದು ಅವ್ವನ ಔಷಧಕ್ಕೆ. ಚಟ್ನಿಗೂ ಬಂತು.

ಕಡೆಗೆ ಹುಬ್ಬಳ್ಳಿ ಗಬ್ಬೂರ ಹತ್ತಿರದ ಒಬ್ಬ ಪಂಕ್ಚರ್ ಕಾಕಾನ ಹತ್ತಿರ ಹೋದೆವು. ಅಷ್ಟು ಹೊತ್ತಿಗೆ ನಾನು ಫೋನಿನಲ್ಲಿ ಓದಿ ಓದಿ ಪಂಡಿತನಾಗಿದ್ದೆ. ಹೊರದೇಶದಲ್ಲಿ ದೊಡ್ಡ ಲಾರಿಗಳ ಟೈರಿನೊಳಗೆ ಸಾಸಿವೆಯಷ್ಟು ಸಣ್ಣ ಗಾಜಿನ ಮಣಿ ಸುರಿಯುವುದುಂಟು. ಗಾಲಿ ಜೋರಾಗಿ ತಿರುಗುವಾಗ ಮಣಿಗಳು ಭಾರ ಇರುವ ಕಡೆಯ ಎದುರು ದಿಕ್ಕಿಗೆ ಸರಿದು ತೂಕ ಸರಿ ಮಾಡುತ್ತವೆ. ಇದನ್ನು ಕೈ ಆಡಿಸುತ್ತ ವಿವರಿಸಿದೆ. ಕಾಕಾ ಬೀಡಿ ಆರಿಸಿ ಕೇಳಿದ. “ಗಾಳಿ ಬಿಡೂವಾಗ ಮಣಿ ವಾಲ್ವಿನ್ಯಾಗ ಸಿಕ್ಕರ? ಒಳಗ ನೀರಿನ ಪಸೆ ಇದ್ದರ ಉಂಡಿ ಕಟ್ಟೂದಿಲ್ಲೇನ್ರೀ?” ಎರಡೂ ಆಗುವ ಮಾತೇ. ನಾನು ಸುಮ್ನೆ ಮಿರ್ಚಿ ತರಿಸಿದೆ.

ಕಾಕಾ ಮುಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು ಎಡಗಾಲಿಯನ್ನು ಎತ್ತಿದ. ಮೊದಲು ಟೈರಿನ ಮೈಮೇಲೆ ಅಂಗೈ ಆಡಿಸಿದ. ಅಲ್ಲಲ್ಲಿ ತಗ್ಗು ಬಿದ್ದು ಸವೆದಿತ್ತು. ಆಮೇಲೆ ಕೈಯಿಂದ ತಿರುಗಿಸಿ ಬಿಟ್ಟ. ಗಾಲಿ ತಿರುಗಿ, ನಿಧಾನಿಸಿ, ಸ್ವಲ್ಪ ಹಿಂದಕ್ಕೆ ತೂಗಿ ನಿಂತಿತು. ಕೆಳಗೆ ಬಂದ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ಮತ್ತೆ ತಿರುಗಿಸಿದ. ಮತ್ತೆ ಅದೇ ಗೆರೆ ಕೆಳಗೆ. ಐದು ಸಲವೂ ಅಷ್ಟೇ. ಭಾರದ ಕಡೆ ಕೆಳಗೆ ಬಂದು ನಿಲ್ಲುತ್ತದೆ, ಅಲ್ವಾ? ಪಾಠದಲ್ಲಿ ನಾನೇ ಎಷ್ಟು ಸಲ ಹೇಳಿದ್ದೇನೋ.

“ಎರಿ ಹೊಲಕ್ಕ ಹೋಗಿತ್ತೇನ್ರೀ ಗಾಡಿ?”

ಹೋಗಿತ್ತು. ಮಳೆಯಲ್ಲಿ ಒಬ್ಬರ ಹೊಲದ ದಾರಿಗೆ ಗರಸು ಹಾಕಲು. ಕ್ಲೀನರ್ ಹುಡುಗ ಡಿಸ್ಕಿನ ಒಳಬದಿಗೆ ಕೈ ಹಾಕಿದರೆ ಕರಿ ಮಣ್ಣು ಒಣಗಿ ಕಲ್ಲಾಗಿ ಕೂತಿದೆ. ಉಳಿ ಸುತ್ತಿಗೆ ತಂದು ಕಿತ್ತ. ಅರ್ಧ ಬುಟ್ಟಿ ಬಂತು. ನನಗೆ ಭಾರೀ ಖುಷಿ. ತಮ್ಮ ಬೈಪಾಸ್ ಕಡೆಗೆ ಒಂದು ಸುತ್ತು ಹೊಡೆದು ಬಂದ. ನಡುಕ ಕಡಿಮೆಯಾಗಿತ್ತು, ಹೋಗಿರಲಿಲ್ಲ.

“ತೂಕ ಸರಿ ಆಗಾಕ ಎದುರು ಕಡೆ ಸೀಸದ ತುಂಡು ಹಚ್ಚಿಬಿಡು ಕಾಕಾ” ಅಂದೆ.

“ಒಳಗ ಏನೈತಿ ನೋಡದ ಹೊರಗ ಹಚ್ಚೂದೇನ್ರೀ ಸಾವ್ಕಾರ್ರ?”

ಗಾಳಿ ಬಿಟ್ಟ. ಲಾಕ್ ರಿಂಗ್ ತೆಗೆದ. ಟ್ಯೂಬು, ಫ್ಲ್ಯಾಪು ಎಳೆದು, ಟೈರಿನ ಹೊಟ್ಟೆಯೊಳಗೆ ತಲೆ ಹಾಕಿದ. ಅಲ್ಲಿಂದಲೇ “ಆಹಾ” ಎಂಬ ದನಿ ಬಂತು. ಕೈ ಹೊರಗೆ ಬಂದಾಗ ಅದರಲ್ಲಿ ದಪ್ಪನೆಯ ಗೇಟರ್. ಹಳೆ ಟೈರಿನಿಂದ ಕತ್ತರಿಸಿದ ತೇಪೆ. ಸುಣ್ಣದ ಗೆರೆಯ ನೇರಕ್ಕೇ ಕೂತಿತ್ತು.

“ಇದನ್ನ ಯಾರ ಹಾಕ್ಸಿದ್ರು?”

ತಮ್ಮ ನನ್ನ ಮುಖ ನೋಡಿದ. ಕ್ಲೀನರ್ ಹುಡುಗ ತಮ್ಮನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದ.

ಮೂರು ತಿಂಗಳ ಹಿಂದೆ ಗಣಿಯಲ್ಲಿ ಕಲ್ಲು ಬಡಿದು ಆ ಟೈರು ಸೀಳಿತ್ತು. ಹೊಸದರ ರೇಟು ಕೇಳಿ ನನಗೆ ಎದೆ ಹಿಡಿದುಕೊಂಡಿತ್ತು. “ಗೇಟರ್ ಹಾಕ್ಸು, ಸಾಕು” ಅಂದಿದ್ದೆ. ಹಿಂದಿನ ಜೋಡಿ ಗಾಲಿಗೆ ಹಾಕೋಣ ಅಂದಿದ್ದ ತಮ್ಮ. “ಖಡಿಯ ಭಾರ ಇರೂದ ಹಿಂದ, ಮುಂದ ಹಾಕು” ಅಂದವನೂ ನಾನೇ. ವಿಜ್ಞಾನದ ಮಾಸ್ತರ ಹೇಳಿದ ಮೇಲೆ ಅವನೇನು ಎದುರು ಮಾತಾಡುತ್ತಾನೆ?

ಬಾಜೂ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ಮುಕ್ಕಾಲು ಕೇಜಿ. ಅಷ್ಟು ದೊಡ್ಡ ಗಾಲಿಗೆ ಅದು ಯಾವ ಲೆಕ್ಕ ಅನ್ನಬೇಡಿ. ಆ ಲೆಕ್ಕವನ್ನೂ ಅಲ್ಲೇ ಸುಣ್ಣದ ಕಡ್ಡಿಯಿಂದ ಹಳೆ ಟೈರಿನ ಮೇಲೆ ಮಾಡಿದೆ, ಮರ್ಯಾದೆ ಸ್ವಲ್ಪವಾದರೂ ಉಳಿಯಲಿ ಅಂತ. 60ರ ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು 5 ಸಲ ತಿರುಗುತ್ತದೆ. ಆಗ ಆ ತುಂಡು ಹೊರಕ್ಕೆ ಎಳೆಯುವ ಬಲ ಹತ್ತಿರ ಹತ್ತಿರ 38 ಕೇಜಿ ತೂಕದಷ್ಟು. ನಮ್ಮ ಎಂಟನೇ ಕ್ಲಾಸಿನ ಒಬ್ಬ ಹುಡುಗ ಸೆಕೆಂಡಿಗೆ 5 ಸಲ ಆಕ್ಸಲನ್ನು ಹಿಡಿದು ಜಗ್ಗಿದ ಹಾಗೆ. ವೇಗ ಅರ್ಧ ಆದರೆ ಬಲ ಕಾಲು ಭಾಗ ಆಗುತ್ತದೆ. ಗಣಿಯಲ್ಲಿ 15, 20ರಲ್ಲಿ ಹೋಗುವಾಗ ಅದು ಆನೆಯಂತಿದ್ದದ್ದು ಅದಕ್ಕೇ. ಕಾಕಾ ಲೆಕ್ಕವನ್ನು ಪೂರ್ತಿ ನೋಡಿದ. “ಬರೋಬ್ಬರಿ ಐತ್ರೀ” ಅಂದ. “ಹಾಕ್ಸೂಕಿಂತ ಮದಲ ಮಾಡಬೇಕಿತ್ತು.”

ಹೊಸ ಟೈರು ಬಂತು. ಟಿಪ್ಪರ್ ಈಗ 60ರಲ್ಲಿ ಹೋದರೂ ಲಿಂಬೆಹಣ್ಣು ಅಲ್ಲಾಡುವುದಿಲ್ಲ. ಕಾಯಿ ಒಡೆದ ಫಲ ಸ್ವಲ್ಪ ತಡವಾಗಿ ಸಿಕ್ಕಿತು ಎನ್ನುತ್ತಾಳೆ ಅವ್ವ.

ಗೇಟರ್ ತುಂಡನ್ನು ನಾನು ಬಿಸಾಡಲಿಲ್ಲ. ಮೊನ್ನೆ ಕ್ಲಾಸಿಗೆ ಒಯ್ದು ಮೇಜಿನ ಮೇಲಿಟ್ಟು, ಲಾರಿಯ ಗಾಲಿ ಯಾಕೆ ನಡುಗುತ್ತದೆ ಅಂತ ಚೆನ್ನಾಗಿ ಪಾಠ ಮಾಡಿದೆ. ಏನಾದರೂ ಕೇಳುವುದಿದೆಯಾ ಅಂದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

“ಸರ್, ಇದನ್ನ ಯಾರ ಹಾಕ್ಸಿದ್ರೀ?”

ನಾನು ಬೋರ್ಡ್ ಒರೆಸತೊಡಗಿದೆ.