ಪಟ್ಟಿ ಉರು ಹೊಡೆದರೆ ಸಾಲದು
ಪದಪಟ್ಟಿಯನ್ನು ಅಕ್ಷರಕ್ರಮದಲ್ಲಿ ದಿನಾ ಇಷ್ಟಿಷ್ಟು ಅಂತ ಬಾಯಿಪಾಠ ಮಾಡಿದರೆ ಜಿಆರ್‌ಇ ವರ್ಬಲ್ (ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಬರೆಯುವ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಭಾಗ) ಸಲೀಸು ಅಂತ ಬರೆದಿದ್ದೀರಿ. ಆಂಟೊನಿಮ್ (ವಿರುದ್ಧಪದ), ಅನಾಲಜಿ (ಪದಜೋಡಿಗಳ ಸಂಬಂಧ ಗುರುತಿಸುವ) ಪ್ರಶ್ನೆಗಳಿದ್ದ ಕಾಲಕ್ಕೆ ಅದು ನಡೀತಿತ್ತೇನೋ. ಅವನ್ನು 2011ರಲ್ಲೇ ತೆಗೆದುಹಾಕಿದ್ದಾರೆ. ಈಗ ಸೆಂಟೆನ್ಸ್ ಈಕ್ವಿವಲೆನ್ಸ್ ಪ್ರಶ್ನೆಯನ್ನೇ ನೋಡಿ: ವಾಕ್ಯದ ಖಾಲಿ ಜಾಗಕ್ಕೆ ಹೊಂದಿ ಒಂದೇ ಅರ್ಥ ಕೊಡುವ ಎರಡು ಪದಗಳನ್ನು ಆರು ಆಯ್ಕೆಯಲ್ಲಿ ಆರಿಸಬೇಕು, ಎರಡೂ ಸರಿಯಿದ್ದರಷ್ಟೇ ಅಂಕ. ಸಮಾನಾರ್ಥಕ ಜೋಡಿ ಕಣ್ಣಿಗೆ ಬಿದ್ದ ಕೂಡಲೇ ಟಿಕ್ ಮಾಡಿದಿರೋ, ಕೆಟ್ಟಿರಿ. ವಾಕ್ಯಕ್ಕೆ ಹೊಂದದ ಜೋಡಿಯನ್ನೂ ಬೇಕಂತಲೇ ಇಟ್ಟಿರುತ್ತಾರೆ. ಇನ್ನು 'ಕ್ವಾಲಿಫೈ', 'ಟೆಂಪರ್', 'ಅರೆಸ್ಟ್' ತರಹದ ಸಾದಾ ಪದಗಳು. ಗೊತ್ತು ಅಂತ ಪಟ್ಟಿಯಲ್ಲಿ ಹಾರಿಸಿಬಿಡುತ್ತೇವೆ. ವಾಕ್ಯದಲ್ಲಿ ಬಂದಾಗ 'ಅರೆಸ್ಟ್'ಗೂ ಪೊಲೀಸರಿಗೂ ಸಂಬಂಧವೇ ಇರಲ್ಲ, ಬೆಳವಣಿಗೆಯನ್ನು ತಡೆದು ನಿಲ್ಲಿಸು ಅಂತಿರುತ್ತೆ. (ಅಕ್ಷರಕ್ರಮದ ಇನ್ನೊಂದು ತೊಂದರೆ: ಒಂದೇ ತರಹ ಶುರುವಾಗುವ ಪದಗಳೆಲ್ಲ ಕಲಸುಮೇಲೋಗರ.)

ಪದಗಳನ್ನು ಕಲಿಯಲೇಬೇಕು, ಅದರಲ್ಲಿ ತಕರಾರಿಲ್ಲ. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪರಿಚಯಿಸಿದ ಡಬ್ಬಿ ವಿಧಾನ ಇದಕ್ಕೆ ವಾಸಿ. ಒಂದೊಂದು ಪದವನ್ನು ಒಂದೊಂದು ಕಾರ್ಡಿನಲ್ಲಿ ಬರೆದು, ಸಾಲಾಗಿಟ್ಟ ಡಬ್ಬಿಗಳಲ್ಲಿ ಮೊದಲನೆಯದಕ್ಕೆ ಹಾಕಿ. ನೆನಪಿದ್ದ ಕಾರ್ಡು ಮುಂದಿನ ಡಬ್ಬಿಗೆ, ಮರೆತದ್ದು ಮತ್ತೆ ಮೊದಲನೆಯದಕ್ಕೆ. ಮುಂದಿನ ಡಬ್ಬಿಗಳನ್ನು ತೆರೆಯುವುದು ಅಪರೂಪಕ್ಕೆ. ಕಾರ್ಡಿನ ಹಿಂಬದಿ ಬರೀ ಅರ್ಥ ಬೇಡ, ಎಲ್ಲಾದರೂ ಓದಿದ ಒಂದು ವಾಕ್ಯವನ್ನೂ ಬರೆದಿಟ್ಟುಕೊಳ್ಳಿ.