ಎಚ್‌ಪಿ ಬಿಡಿ, ಬ್ರೇಕ್ ನೋಡಿ

ಹಳೇ ಫೋರ್ಡ್ ಕಾರುಗಳ ಶಕ್ತಿ ಹೋಲಿಸಿದ ಲೇಖನವೊಂದರಲ್ಲಿ, ಮಾಡೆಲ್ ಟಿಗೆ 20 ಎಚ್‌ಪಿ (ಅಶ್ವಶಕ್ತಿ), 1965ರ ಮಸ್ಟಾಂಗ್‌ನ 289 ಘನ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್‌ಗೆ 200, ಅಂದರೆ ಹತ್ತು ಪಟ್ಟು ಎಂದು ಲೇಖಕರು ಲೆಕ್ಕ ಹಾಕಿದ್ದಾರೆ. ಆ 200 ಗ್ರಾಸ್ ಅಂಕಿ, ಫ್ಯಾನು, ಸೈಲೆನ್ಸರ್‌ಗಳ ಹೊರೆಯಿಲ್ಲದೆ ಬೆಂಚಿನ ಮೇಲೆ ಅಳೆದದ್ದು. ಕಾರಿನಲ್ಲಿ ಕೂರಿಸಿದ ಮೇಲೆ ಅಷ್ಟು ಸಿಗಲ್ಲ.

ಓಡಿಸುವವರು ಹೋಲಿಸಬೇಕಾದ್ದು ಬ್ರೇಕನ್ನು. ಟಿಯಲ್ಲಿ ಎಡ ಪೆಡಲ್ ಪೂರ್ತಿ ಒತ್ತಿದರೆ ಲೋ ಗೇರ್, ಅರ್ಧಕ್ಕೆ ನ್ಯೂಟ್ರಲ್, ಬಿಟ್ಟರೆ ಹೈ. ನಡುವಿನದು ರಿವರ್ಸ್, ಬಲದ್ದು ಬ್ರೇಕ್. ಈ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಗೇರ್‌ಬಾಕ್ಸಿನೊಳಗಿನ ಡ್ರಮ್ಮನ್ನು ಬ್ಯಾಂಡಿನಿಂದ ಬಿಗಿಯುತ್ತದೆ. ಹಿಂದಿನ ಆಕ್ಸಲ್‌ನ ಹಳೇ ಬ್ಯಾಬಿಟ್ (ಮೆತ್ತನೆಯ ಮಿಶ್ರಲೋಹ) ಥ್ರಸ್ಟ್ ವಾಷರ್, ಅಂದರೆ ಗೇರು ಪಕ್ಕಕ್ಕೆ ಸರಿಯದಂತೆ ತಡೆಯುವ ಬಿಲ್ಲೆ, ಪುಡಿಯಾಯಿತೋ, ಎಂಜಿನ್ ಕಡೆಯ ಚಿಕ್ಕ ಗೇರಾದ ಪಿನಿಯನ್ನಿನ ಹಲ್ಲು ಆಕ್ಸಲ್‌ನ ದೊಡ್ಡ ಗೇರಾದ ಕ್ರೌನ್ ವೀಲ್‌ನಿಂದ ತಪ್ಪುತ್ತದೆ, ಬ್ರೇಕೂ ಹೋಯಿತು. ಉಳಿಯುವುದು ಹ್ಯಾಂಡ್‌ಬ್ರೇಕ್; ಅದನ್ನು ನಂಬಿ ಘಾಟಿ ಇಳಿಯುವವರಿಗೆ ನಮಸ್ಕಾರ. ಆಕ್ಸಲ್ ಬಿಚ್ಚಿಸಿ ಕಂಚಿನ ವಾಷರ್ ಹಾಕಿಸಿದ ಮೇಲೆಯೇ ರಸ್ತೆಗಿಳಿಸಿ.

ಮಸ್ಟಾಂಗ್ ಹೊಸಕಾಲದ್ದು ಎಂದು ಬೀಗಬೇಕಿಲ್ಲ. 1967ಕ್ಕೆ ಮೊದಲಿನವಕ್ಕೆಲ್ಲ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ಚಕ್ರದ ಬಳಿಯ ಒಂದು ವೀಲ್ ಸಿಲಿಂಡರ್ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಎರಡು ಕೋಣೆಯದ್ದಕ್ಕೆ ಬದಲಿಸುವಾಗ ಮುಂದಿರುವುದು ಡ್ರಮ್ಮೋ ಡಿಸ್ಕೋ ನೋಡಿಕೊಳ್ಳಿ. ಡ್ರಮ್ಮಿನದನ್ನು ಡಿಸ್ಕಿಗೆ ಕೂರಿಸಿದರೆ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ಒಳಗಿನ ರೆಸಿಡ್ಯುಯಲ್ ವಾಲ್ವ್ ಅದನ್ನು ಬಿಡದೆ ಪ್ಯಾಡ್ ಸದಾ ಉಜ್ಜಿ ಡಿಸ್ಕ್ ಬಿಸಿಯೇರುತ್ತದೆ.

ಇನ್ನು ಮಸ್ಟಾಂಗಿನ ತುಕ್ಕು. ಕೊಳ್ಳುವ ಮುನ್ನ ಮುಂದಿನ ಗಾಜಿನ ಬುಡದ ಗಾಳಿಕಿಂಡಿಗೆ ಒಂದು ಬಾಟಲಿ ನೀರು ಸುರಿದು, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಡಿ. ಕಾರ್ಪೆಟ್ ಒದ್ದೆಯಾದರೆ ಕಿಂಡಿಯ ಕೆಳಗಿನ ತಗಡು ತುಕ್ಕು ತಿಂದಿದೆ ಎಂದರ್ಥ; ಸರಿಪಡಿಸಲು ಸ್ಪಾಟ್ ವೆಲ್ಡ್‌ಗಳನ್ನು (ಬೆಸುಗೆ ಚುಕ್ಕೆಗಳನ್ನು) ಒಂದೊಂದಾಗಿ ಕೊರೆದು ಮೇಲಿನ ತಗಡನ್ನೇ ಎತ್ತಬೇಕು, ಬೆಲೆಯಲ್ಲಿ ಆ ಕೂಲಿ ಕಳೆದು ಮಾತಾಡಿ.