ಸ್ಪಷ್ಟನೆ: ಚಾವಣಿ ಸೋಲಾರ್ ಪೂರ್ತಿ ಪುಕ್ಕಟೆಯಲ್ಲ

‘ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸರ್ಕಾರವೇ ಪುಕ್ಕಟೆಯಾಗಿ ಸೋಲಾರ್ ಹಾಕಿಸುತ್ತದೆ, ಇನ್ನು ಕರೆಂಟ್ ಹೋದರೂ ಚಿಂತೆಯಿಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ಸರಿಯಲ್ಲ.

2024ರ ಫೆಬ್ರುವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಸಿಗುವುದು ಸಬ್ಸಿಡಿ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಈ ಹಣ ಪ್ಯಾನೆಲ್ ಕೂರಿಸಿ, ಪರಿಶೀಲನೆ ಮುಗಿದ ಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ಉಳಿದ ಖರ್ಚು ನಿಮ್ಮದೇ. ಕೈಯಿಂದ ಹಾಕಬೇಕು, ಇಲ್ಲವೇ ಸಾಲ ಮಾಡಬೇಕು.

ಕರೆಂಟ್ ಹೋದಾಗ? ಬ್ಯಾಟರಿ ಇಲ್ಲದ, ಗ್ರಿಡ್‌ಗೆ (ಊರಿನ ಕರೆಂಟ್ ಲೈನಿಗೆ) ಜೋಡಿಸಿದ ಮಾಮೂಲಿ ಸೋಲಾರ್ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಮಾಡುವ ಪೆಟ್ಟಿಗೆ) ತಾನಾಗಿ ನಿಂತುಬಿಡುತ್ತದೆ, ಮಟಮಟ ಮಧ್ಯಾಹ್ನವಾದರೂ. ಅದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದು, ಅಲ್ವಾ? ಬ್ಯಾಟರಿ ಬೇಕೆಂದರೆ ಖರ್ಚು ಇನ್ನೂ ಜಾಸ್ತಿ.

ಲಾಭವೇ ಇಲ್ಲ ಅಂತಲ್ಲ. ಒಳ್ಳೆಯ ಬಿಸಿಲಿದ್ದರೆ 1 ಕಿಲೋವ್ಯಾಟ್‌ನಿಂದ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ತಿಂಗಳಿಗೆ 300–400 ಯೂನಿಟ್ ಉರಿಸುವ ಮನೆಗೆ ಇದು ಒಳ್ಳೆಯ ವ್ಯವಹಾರ ಅಂತಲೇ ನನ್ನ ಅನಿಸಿಕೆ. ಆದರೆ ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುತ್ತಿದ್ದರೆ ಉಳಿಸುವುದಕ್ಕೆ ಏನಿದೆ? ಅಂಥವರು ಸುಮ್ನೆ ಅವಸರ ಮಾಡುವುದು ಬೇಡ. ಚಾವಣಿ ಮೇಲೆ ತೆಂಗಿನ ಮರದ ನೆರಳು ಬೀಳುವವರೂ ಅಷ್ಟೇ.

ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ. ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತಬೇಡಿ.